ಬಿದಿರಿನ ಬಾಣ, ಟರ್ಕಿ ಗರಿ, ಮಲೆನಾಡಿನ ಮಳೆ: ಯಾವ ಅಂಟು ನಿಲ್ಲುತ್ತದೆ?

ಮೇಜಿನ ಮೇಲೆ ಒಂದು ಡಜನ್ ಬಿದಿರಿನ ಬಾಣಗಳಿವೆ. ತಂಗಿಯ ಮಗಳದ್ದು. ಅವಳು ಬಿಲ್ಲುಗಾರಿಕೆಯ ಇಂಡಿಯನ್ ರೌಂಡ್ ವಿಭಾಗದಲ್ಲಿ ಆಡುತ್ತಾಳೆ. ಅಂದರೆ ಬಿದಿರಿನ ಬಿಲ್ಲು, ಗರಿ ಕಟ್ಟಿದ ಬಾಣ, 50 ಮೀಟರ್ ಮತ್ತು 30 ಮೀಟರ್ ದೂರದ ಗುರಿ. ಈ ಡಜನ್‌ನಲ್ಲಿ ಏಳು ಬಾಣಗಳ ಗರಿ ಎದ್ದಿದೆ. ಕೆಲವದರಲ್ಲಿ ಮುಂದಿನ ತುದಿ ಮಾತ್ರ ಬಿಟ್ಟಿದೆ, ಕೆಲವದರಲ್ಲಿ ಗರಿಯೇ ಇಲ್ಲ. ಉಳಿದ ಐದೂ ಇವತ್ತೋ ನಾಳೆಯೋ ಅನ್ನುವಂತಿವೆ. ಹಾಗಾಗಿ ಹನ್ನೆರಡನ್ನೂ ಬಿಚ್ಚಿ ಹೊಸದಾಗಿ ಗರಿ ಕಟ್ಟಲು ಕೂತೆ. ಆ ಕೆಲಸದ ಟಿಪ್ಪಣಿ ಇದು.

ಊರು ಸಾಗರ. ಮಳೆಗಾಲದಲ್ಲಿ ಇಲ್ಲಿ ಬಟ್ಟೆ ಒಣಗುವುದಿಲ್ಲ, ಉಪ್ಪಿನ ಡಬ್ಬ ನೀರು ಬಿಡುತ್ತದೆ. ಏಪ್ರಿಲ್‌ನಲ್ಲಿ ಇದೇ ಬಾಣಗಳು ಬಯಲಿನ ಬಿಸಿಲಲ್ಲಿ ಇಡೀ ದಿನ ಬತ್ತಳಿಕೆಯಲ್ಲಿ ನಿಂತಿರುತ್ತವೆ. ಎರಡನ್ನೂ ತಡೆಯುವ ಅಂಟು ಬೇಕು. ಜೊತೆಗೆ ಇನ್ನೊಂದು ಬೇಡಿಕೆ ಇದೆ. ಗರಿ ಹಾಳಾದ ದಿನ ಬಿದಿರಿಗೆ ಗಾಯ ಮಾಡದೆ ಅದನ್ನು ಬಿಡಿಸಲು ಬರಬೇಕು. ಗರಿ ಸವೆಯುವ ವಸ್ತು, ಬದಲಾಯಿಸುತ್ತಲೇ ಇರಬೇಕು. ನೇರವಾದ, ಒಂದೇ ತೂಕದ, ಒಂದೇ ಬಾಗು ಇರುವ ಹನ್ನೆರಡು ಬಿದಿರಿನ ಕಡ್ಡಿ ಮಾತ್ರ ಮತ್ತೆ ಮತ್ತೆ ಸಿಗುವುದಿಲ್ಲ. ಅದಕ್ಕೇ ಅಂಟು ಎಷ್ಟು ಗಟ್ಟಿ ಹಿಡಿಯುತ್ತದೆ ಅಂತ ಕೇಳುವ ಮೊದಲು, ಬಿಡಿಸುವಾಗ ಹೇಗೆ ಬಿಡುತ್ತದೆ ಅಂತ ಕೇಳಬೇಕು. ಈ ಕೆಲಸ ಪೂರ್ತಿ ನಿಂತಿರುವುದು ಆ ಪ್ರಶ್ನೆಯ ಮೇಲೆ.

ಗರಿಯ ಬದಲು ಪ್ಲಾಸ್ಟಿಕ್ ವೇನ್ ಹಾಕಿಬಿಡಬಹುದಲ್ವಾ ಅಂತ ಕೆಲವರು ಕೇಳುತ್ತಾರೆ. ಬಿದಿರಿನ ಬಿಲ್ಲಿಗೆ ಅದು ಹೊಂದುವುದಿಲ್ಲ. ಬಾಣ ಬಿಲ್ಲಿನ ಮೈಗೆ ಸವರಿಕೊಂಡೇ ಹೋಗುತ್ತದೆ. ಗಟ್ಟಿ ಪ್ಲಾಸ್ಟಿಕ್ ಅಲ್ಲಿ ತಗಲಿದರೆ ಬಾಣದ ಹಿಂಭಾಗ ಪಕ್ಕಕ್ಕೆ ಎಗರುತ್ತದೆ. ಗರಿ ಹಾಗಲ್ಲ. ತಗಲಿದಾಗ ಮಲಗಿ, ದಾಟಿದ ಕೂಡಲೇ ಎದ್ದು ನಿಲ್ಲುತ್ತದೆ. ಬಿದಿರು ಎರಡು ಕಡ್ಡಿ ಒಂದೇ ಥರ ಇರುವುದೂ ಇಲ್ಲ. ಹೆದೆ ಬಿಟ್ಟ ಮೇಲೆ ಬಾಣ ಬಳುಕುವುದನ್ನು ಬೇಗ ಹತೋಟಿಗೆ ತರಲು ಗರಿಯ ಎಳೆತವೇ ಬೇಕು.

ಕಿತ್ತ ಗರಿಯ ತಳ ನೋಡಿ

ಹೊಸ ಅಂಟು ಕೊಳ್ಳುವ ಮೊದಲು ಹಳೆಯದು ಯಾಕೆ ಬಿಟ್ಟಿತು ಅಂತ ಗೊತ್ತಾಗಬೇಕು. ಅದಕ್ಕೆ ಭೂತಗನ್ನಡಿ, ಒಳ್ಳೆಯ ಬೆಳಕು ಸಾಕು. ಎದ್ದ ಗರಿಯನ್ನು ನಿಧಾನವಾಗಿ ಎಳೆದು ತೆಗೆದು ಅದರ ದಂಟಿನ ತಳ ನೋಡಿ. ಅದು ಕುಳಿತಿದ್ದ ಜಾಗವನ್ನೂ ನೋಡಿ.

ಅಂಟು ಪೂರ್ತಿ ಗರಿಯ ಜೊತೆಗೆ ಬಂದಿದ್ದು, ಅದರ ತಳ ಗಾಜಿನಂತೆ ಹೊಳೆಯುತ್ತಿದ್ದರೆ ಅಂಟು ಕಡ್ಡಿಯನ್ನು ಹಿಡಿದೇ ಇರಲಿಲ್ಲ ಅಂತ ಅರ್ಥ. ನುಣುಪಾದ ವಾರ್ನಿಶ್ ಮೇಲೆ ಉಜ್ಜದೆ ಅಂಟಿಸಿದರೆ ಹೀಗಾಗುತ್ತದೆ. ಅಂಟು ಕಡ್ಡಿಯ ಮೇಲೆ ಗೆರೆಯಾಗಿ ಉಳಿದು ಗರಿಯ ದಂಟು ಮಾತ್ರ ಚೊಕ್ಕವಾಗಿ ಎದ್ದು ಬಂದಿದ್ದರೆ ತೊಂದರೆ ಗರಿಯ ಕಡೆ ಇದೆ. ದಂಟಿನ ತಳಕ್ಕೆ ಜಿಡ್ಡು ಇರುತ್ತದೆ, ಕೈಬೆರಳಿನ ಎಣ್ಣೆಯೂ ಸೇರುತ್ತದೆ. ಎರಡೂ ಕಡೆ ಅಂಟು ಉಳಿದು ನಡುವೆ ಸೀಳಿದ್ದರೆ ಅಂಟೇ ಸೋತಿದೆ. ಹಳೆಯ ಟ್ಯೂಬ್ ಇರಬಹುದು, ತೇವಕ್ಕೆ ಮೆತ್ತಗಾಗಿರಬಹುದು, ಬಿರುಸಾಗಿ ಒಡೆದಿರಬಹುದು. ಗರಿಯ ಜೊತೆ ಬಿದಿರಿನ ನಾರು ಕಿತ್ತು ಬಂದಿದ್ದರೆ ಅಂಟು ಬಿದಿರಿಗಿಂತ ಗಟ್ಟಿ. ನನಗೆ ಅತಿ ಬೇಸರ ತರುವುದು ಇದೇ. ಆ ಜಾಗದಲ್ಲಿ ಕಡ್ಡಿ ತೆಳ್ಳಗಾಗಿಬಿಡುತ್ತದೆ.

ಈ ಬಾಣಗಳಲ್ಲಿ ಹೆಚ್ಚಿನವು ಮೊದಲ ಥರ. ಮಾಡಿಕೊಟ್ಟವರು ಕಡ್ಡಿಗೆ ಒಳ್ಳೆಯ ಹೊಳಪಿನ ವಾರ್ನಿಶ್ ಹೊಡೆದಿದ್ದಾರೆ. ಆಮೇಲೆ ಅದರ ಮೇಲೇ ಕ್ವಿಕ್ ಅಂಟಿನಲ್ಲಿ ಗರಿ ಕೂರಿಸಿದ್ದಾರೆ. ಒಂದೆರಡು ಕಡೆ ಅಂಟು ಗರಿಯ ಎಳೆಗಳೊಳಗೆ ಏರಿ ಬಿಳಿ ಕಡ್ಡಿಗಳಂತೆ ಸೆಟೆದಿದೆ. ಆ ಎಳೆಗಳು ಮಲಗಲಾರವು. ಬಿಲ್ಲಿಗೆ ತಗಲಿದಾಗ ಮುರಿಯುತ್ತವೆ, ಇಲ್ಲವೇ ಗರಿಯನ್ನೇ ಎಬ್ಬಿಸುತ್ತವೆ.

ಕಡ್ಡಿಯ ಮೇಲೆ ಏನು ಹೊಡೆದಿದೆ?

ಅಂಟಿನ ಆಯ್ಕೆ ಶುರುವಾಗುವುದು ಇಲ್ಲಿಂದ. ಅಂಟು ಮುಟ್ಟುವುದು ಬಿದಿರನ್ನಲ್ಲ, ಅದರ ಮೇಲಿನ ಲೇಪವನ್ನು. ಲೇಪ ಯಾವುದು ಅಂತ ತಿಳಿಯಲು ಸುಲಭದ ದಾರಿ ಇದೆ. ಹತ್ತಿ ಸುತ್ತಿದ ಕಡ್ಡಿಯನ್ನು ಸ್ಪಿರಿಟ್‌ನಲ್ಲಿ ಅದ್ದಿ ಕಾಣದ ಜಾಗದಲ್ಲಿ ಉಜ್ಜಿ. ಜಿಗುಟಾದರೆ ಅದು ಫ್ರೆಂಚ್ ಪಾಲಿಶ್, ಅಂದರೆ ಅರಗು. ಸ್ಪಿರಿಟ್‌ಗೆ ಜಗ್ಗದೆ ಎನ್‌ಸಿ ಥಿನ್ನರ್‌ಗೆ ಜಿಗುಟಾದರೆ ನೈಟ್ರೊಸೆಲ್ಯುಲೋಸ್‌ನ ಎನ್‌ಸಿ ಲ್ಯಾಕರ್. ಎರಡಕ್ಕೂ ಜಗ್ಗದಿದ್ದರೆ ಪಿಯು (ಪಾಲಿಯುರೆಥೇನ್) ಅಥವಾ ಮೆಲಮೈನ್. ಇವಳ ಬಾಣಗಳು ಎರಡಕ್ಕೂ ಜಗ್ಗಲಿಲ್ಲ. ಪಿಯು ಅಂತ ಇಟ್ಟುಕೊಂಡೆ.

ಪಿಯು ಒಳ್ಳೆಯ ಲೇಪವೇ. ನೀರನ್ನು ಒಳಗೆ ಬಿಡುವುದಿಲ್ಲ, ಬಿಸಿಲಿಗೆ ಹೆದರುವುದಿಲ್ಲ. ಆದರೆ ಒಮ್ಮೆ ಗಟ್ಟಿಯಾದ ಮೇಲೆ ಯಾವ ಅಂಟಿನ ದ್ರಾವಕವೂ ಅದನ್ನು ಕರಗಿಸಲಾರದು. ಅಂಟಿಗೆ ಹಿಡಿದುಕೊಳ್ಳಲು ಅಲ್ಲಿ ಸಿಗುವುದು ನಾವು ಉಜ್ಜಿ ಮಾಡಿದ ಗೀರುಗಳು ಮಾತ್ರ. ಲೇಪ ಬೇಡ, ಬರೀ ಬಿದಿರಿಗೇ ಅಂಟಿಸೋಣ ಅಂದರೆ ಅಲ್ಲೂ ತೊಡಕು. ಬಿದಿರಿನ ಹೊರಸಿಪ್ಪೆ ಮೇಣದಂತಿರುತ್ತದೆ, ಅದರಲ್ಲಿ ಸಿಲಿಕಾ ಇರುತ್ತದೆ. ಅಂಟು ಅದರ ಮೇಲೆ ಕೂರುವುದಿಲ್ಲ. ಸಿಪ್ಪೆ ಕೆರೆದರೆ ಒಳಗಿನ ನಾರು ಅಂಟನ್ನು ಚೆನ್ನಾಗಿ ಹಿಡಿಯುತ್ತದೆ, ಆದರೆ ಮಳೆಗಾಲದ ತೇವವನ್ನೂ ಹೀರುತ್ತದೆ.

ಚೂರುಗಳ ಮೇಲೆ ಪರೀಕ್ಷೆ

ಮುರಿದ ಬಾಣಗಳ ತುಂಡುಗಳು, ಕತ್ತರಿಸಿ ಉಳಿದ ಗರಿಯ ಚೂರುಗಳು ಮನೆಯಲ್ಲಿ ಬೇಕಾದಷ್ಟಿದ್ದವು. ಕೆಲವು ತುಂಡುಗಳಿಗೆ ಉಜ್ಜಿದ ಪಿಯು, ಕೆಲವಕ್ಕೆ ಬರೀ ಬಿದಿರು, ಕೆಲವಕ್ಕೆ ಎನ್‌ಸಿ ಲ್ಯಾಕರ್. ಒಂದೊಂದರ ಮೇಲೂ ಒಂದೊಂದು ಅಂಟು. ಪೂರ್ತಿ ಗಟ್ಟಿಯಾಗಲು ಬಿಟ್ಟು ನಾಲ್ಕು ವಿಷಯ ನೋಡಿದೆ. ಉಗುರಿನಿಂದ ಮುಂದಿನ ತುದಿ ಎಬ್ಬಿಸಿದರೆ ಏನಾಗುತ್ತದೆ, ರಾತ್ರಿಯೆಲ್ಲ ನೀರಲ್ಲಿ ಇಟ್ಟರೆ ಏನಾಗುತ್ತದೆ, ಮಧ್ಯಾಹ್ನ ತಗಡಿನ ಮಾಡಿನ ಮೇಲೆ ಇಟ್ಟರೆ ಏನಾಗುತ್ತದೆ, ಮತ್ತು ಬಿಡಿಸಲು ಹೊರಟರೆ ಹೇಗೆ ಬರುತ್ತದೆ.

ಮರಗೆಲಸದ ಬಿಳಿ ಅಂಟು, ನಾವೆಲ್ಲ ಫೆವಿಕಾಲ್ ಅಂತ ಕರೆಯುವ ಜಾತಿ, ಬರೀ ಬಿದಿರಿನ ಮೇಲೆ ಚೆನ್ನಾಗಿ ಹಿಡಿಯಿತು. ಅದರೊಳಗಿನ ನೀರು ಹೊರಹೋದರೆ ಮಾತ್ರ ಅದು ಗಟ್ಟಿಯಾಗುವುದು. ವಾರ್ನಿಶ್ ಮೇಲೆ ಆ ನೀರಿಗೆ ಹೋಗಲು ದಾರಿ ಇಲ್ಲ. ಅಲ್ಲಿ ಅದು ರಬ್ಬರ್ ಪಟ್ಟಿಯಂತೆ ಸುಲಿದು ಬರುತ್ತದೆ. ನೀರಲ್ಲಿಟ್ಟ ತುಂಡಿನಲ್ಲಿ ಮತ್ತೆ ಬೆಳ್ಳಗಾಗಿ ಮೆತ್ತಗಾಯಿತು. ನೀರು ತಡೆಯುವ ಜಾತಿಯ ಬಿಳಿ ಅಂಟು ಇದಕ್ಕಿಂತ ವಾಸಿ, ಆದರೂ ಲೇಪದ ಮೇಲಿನ ತೊಂದರೆ ಅದಕ್ಕೂ ಇದೆ. ಒಣ ಊರಲ್ಲಿ, ಲೇಪವಿಲ್ಲದ ಮರದ ಬಾಣಕ್ಕೆ, ಅವಸರ ಇಲ್ಲದವರಿಗೆ ಇದು ಸಾಕು. ಬಿಸಿನೀರಿನ ಬಟ್ಟೆ ಸುತ್ತಿಟ್ಟರೆ ಬಿಡುತ್ತದೆ ಅನ್ನುವುದು ಇದರ ದೊಡ್ಡ ಗುಣ.

ಎರಡು ಟ್ಯೂಬಿನ ಎಪಾಕ್ಸಿ, ಅರಾಲ್ಡೈಟ್ ಜಾತಿ, ನೀರಿಗೂ ಜಗ್ಗಲಿಲ್ಲ, ಬಿಸಿಲಿಗೂ ಜಗ್ಗಲಿಲ್ಲ. ಬಿಡಿಸಲು ಹೋದಾಗ ಬಿದಿರಿನ ನಾರನ್ನು ಕಿತ್ತುಕೊಂಡೇ ಬಂತು. ಕಾಯಿಸಿದರೆ ಮೆತ್ತಗಾಗುತ್ತದೆ ನಿಜ, ಆದರೆ ಅಷ್ಟು ಶಾಖ ಕೊಟ್ಟರೆ ಗರಿ ಸುಡುತ್ತದೆ, ಬಿದಿರು ಸೊಟ್ಟಗಾಗುವ ಭಯ. ತೂಕವೂ ಜಾಸ್ತಿ, ಅದೂ ಬಾಣದ ಹಿಂತುದಿಯಲ್ಲಿ. ಬಾಣದ ತೂಕ ಮುಂದೆ ಇದ್ದಷ್ಟು ಹಾರಾಟ ಸ್ಥಿರ. ಹಿಂದೆ ಅಂಟು ಮೆತ್ತಿ ತೂಕ ಏರಿಸುವುದು ಯಾರಿಗೂ ಬೇಡ. ಎಪಾಕ್ಸಿಯನ್ನು ಲೋಹದ ಮೊನೆ ಕೂರಿಸಲು ಇಟ್ಟುಕೊಳ್ಳಿ.

ಚಪ್ಪಲಿ, ಸನ್‌ಮೈಕಾ ಅಂಟಿಸುವ ಹಳದಿ ರಬ್ಬರ್ ಅಂಟು ತಗಡಿನ ಮೇಲೆ ಸೋತಿತು. ಬಿಸಿಗೆ ಮೆತ್ತಗಾಗಿ ಗರಿ ಪಕ್ಕಕ್ಕೆ ಜಾರಿತು. ಒಮ್ಮೆ ಮುಟ್ಟಿಸಿದ ಮೇಲೆ ಸರಿಪಡಿಸಲು ಬರುವುದಿಲ್ಲ ಅನ್ನುವುದು ಇನ್ನೊಂದು ಕಾರಣ. ಗರಿಗೆಂದೇ ಬರುವ ಎರಡು ಬದಿಯ ಅಂಟುಪಟ್ಟಿಯ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯವಿದೆ. ನುಣುಪಾದ ಲೇಪದ ಮೇಲೆ ಬೇಗ ಕೂರುತ್ತದೆ, ಎಳೆಗಳಿಗೆ ಅಂಟು ಏರುವುದಿಲ್ಲ, ಸುಲಭವಾಗಿ ಬಿಡುತ್ತದೆ. ಬಿಸಿಲಲ್ಲಿ ಮಾತ್ರ ತುದಿಗಳು ಏಳತೊಡಗುತ್ತವೆ. ಎರಡೂ ತುದಿಗೆ ಒಂದೊಂದು ಹನಿ ಅಂಟು ಹಾಕಲೇಬೇಕು.

ಕ್ವಿಕ್ ಅಂಟಿನ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ಎಲ್ಲರೂ ಮೊದಲು ಕೈ ಹಾಕುವುದು ಅದಕ್ಕೇ. ಅದರ ರಾಸಾಯನಿಕ ಹೆಸರು ಸಯನೋಅಕ್ರಿಲೇಟ್. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಹ್ಯಾರಿ ಕೂವರ್ ಎಂಬ ವಿಜ್ಞಾನಿಯ ಕೈಗೆ ಸಿಕ್ಕಿದ್ದು, ಅಂಗಡಿಗೆ ಬಂದದ್ದು 1958ರಲ್ಲಿ. ಅದು ಒಣಗಿ ಗಟ್ಟಿಯಾಗುವುದಿಲ್ಲ. ಗಾಳಿಯಲ್ಲಿ, ಮೇಲ್ಮೈಯಲ್ಲಿ ಇರುವ ತೇವವೇ ಅದನ್ನು ಗಟ್ಟಿ ಮಾಡುತ್ತದೆ. ಹಾಗಾಗಿ ಸಾಗರದ ಮಳೆಗಾಲದಲ್ಲಿ ಗರಿ ಸರಿಯಾಗಿ ಕೂರಿಸುವಷ್ಟೂ ಸಮಯ ಕೊಡುವುದಿಲ್ಲ. ಜೊತೆಗೆ ಅದರ ಆವಿ ಸುತ್ತಲಿನ ತೇವಕ್ಕೆ ಸಿಕ್ಕಿ ಬಿಳಿ ಪುಡಿಯಾಗಿ ವಾರ್ನಿಶ್ ಮೇಲೆ ಕೂರುತ್ತದೆ. ನೀರಿನಂಥ ತೆಳು ಜಾತಿ ಎಳೆಗಳೊಳಗೆ ಏರಿಬಿಡುತ್ತದೆ. ಜೆಲ್ ಜಾತಿ ಏರುವುದಿಲ್ಲ, ಹಾಕುವುದಾದರೆ ಅದನ್ನೇ ಹಾಕಿ. ಗಟ್ಟಿಯಾದ ಮೇಲೆ ಇದು ಬಿರುಸು. ನೇರವಾಗಿ ಎಳೆದರೆ ಬಿಡದು, ತುದಿಯಿಂದ ಸುಲಿದರೆ ಚಿಟ್ ಅಂತ ಬಿಡುತ್ತದೆ. ಬಾಣ ಗುರಿಗೆ ನೆಟ್ಟಾಗ ಅದರ ಹಿಂಭಾಗ ಬಾಲದಂತೆ ಅಲುಗಾಡುತ್ತದಲ್ವಾ, ಆ ಪೆಟ್ಟು ಪ್ರತಿ ಸಲ ಬೀಳುವುದು ಈ ಬಿರುಸು ಗೆರೆಯ ಮೇಲೆ. ಒಂದು ಎಚ್ಚರಿಕೆ: ಇದನ್ನು ಹತ್ತಿ ಬಟ್ಟೆಯಿಂದ, ಹತ್ತಿಯ ಕೈಗವಸಿನಿಂದ ಒರೆಸಬೇಡಿ. ಹತ್ತಿ ತಗಲಿದರೆ ಇದು ಬೇಗ ಬಿಸಿಯೇರಿ ಹೊಗೆ ಬರುತ್ತದೆ, ಕೈ ಸುಡುತ್ತದೆ.

ಹಳೆಯ ಅಂಟುಗಳನ್ನೂ ಬಿಡಲು ಮನಸ್ಸಾಗಲಿಲ್ಲ. ಬಡಗಿಗಳು ಹಿಂದೆ ಬಳಸುತ್ತಿದ್ದ ಮರವಜ್ರ, ಅಂದರೆ ಚರ್ಮ ಮೂಳೆ ಬೇಯಿಸಿ ಮಾಡುವ ಅಂಟು. ರಾತ್ರಿ ನೆನೆಸಿ, ನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಸುಮಾರು 60 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಬೇಕು. ಕುದಿಸಿದರೆ ಶಕ್ತಿ ಹೋಗುತ್ತದೆ. ಗರಿಗೂ ಬಿದಿರಿಗೂ ಇದರಷ್ಟು ಒಗ್ಗುವ ಅಂಟು ಇನ್ನೊಂದಿಲ್ಲ ಅನ್ನಿಸಿತು, ಬಿಸಿನೀರಿಗೆ ಮರ್ಯಾದೆಯಿಂದ ಬಿಟ್ಟುಕೊಡುತ್ತದೆ. ತುರ್ಕಿ, ಕೊರಿಯಾದ ಕೊಂಬಿನ ಬಿಲ್ಲುಗಳನ್ನು ಇದರ ಅಣ್ಣ-ತಮ್ಮನಂಥ ಮೀನಿನ ಅಂಟೇ ಹಿಡಿದಿಟ್ಟಿದೆ. ನಮ್ಮ ಮಳೆಯ ಮುಂದೆ ಮಾತ್ರ ನಿಲ್ಲುವುದಿಲ್ಲ. ತೇವಕ್ಕೆ ಮೆತ್ತಗಾಗುತ್ತದೆ, ಆಮೇಲೆ ಬೂಷ್ಟು ಹಿಡಿಯುತ್ತದೆ. ಚನ್ನಪಟ್ಟಣದ ಗೊಂಬೆಗೆ ಬಣ್ಣ ಕೊಡುವ ಅರಗನ್ನೂ ಕರಗಿಸಿ ನೋಡಿದೆ. ಬಾಣದ ಮೊನೆ ಕೂರಿಸಲು ಅರಗು ಒಳ್ಳೆಯದು. ಗರಿಗೆ ಬೇಕಾದ ಬಾಗುವ ಗುಣ ಅದಕ್ಕಿಲ್ಲ, ತಣಿದ ಮೇಲೆ ಬಿರುಕು ಬಿಟ್ಟಿತು.

ಕೊನೆಯದು ಗರಿಗೆಂದೇ ಬರುವ ದ್ರಾವಕದ ಅಂಟು. ಆರ್ಚರಿ ಸಾಮಾನಿನ ಅಂಗಡಿಗಳಲ್ಲಿ ಫ್ಲೆಚಿಂಗ್ ಸಿಮೆಂಟ್ ಅಂತ ಕೇಳಬೇಕು. ಬೋನಿಂಗ್ ಕಂಪನಿಯ ಫ್ಲೆಚ್‌ಟೈಟ್ ಈ ಸಾಲಿನದು. ಅಮೆರಿಕದ ಮರದ ಬಾಣದವರು ಹಿಂದಿನಿಂದ ಬಳಸುವ ಡ್ಯೂಕೋ ಸಿಮೆಂಟ್ ನೈಟ್ರೊಸೆಲ್ಯುಲೋಸ್‌ನಿಂದ ಮಾಡಿದ್ದು. ನಾನು ಪರೀಕ್ಷೆಗೆ ತೆಗೆದುಕೊಂಡದ್ದೂ ನೈಟ್ರೊಸೆಲ್ಯುಲೋಸ್ ಜಾತಿಯದೇ. ದ್ರಾವಕ ಆರಿದಂತೆ ಇದು ಗಟ್ಟಿಯಾಗುತ್ತದೆ, ಆದರೂ ಸ್ವಲ್ಪ ಬಾಗುವ ಗುಣ ಉಳಿಸಿಕೊಳ್ಳುತ್ತದೆ. ಕೂರಿಸಿದ ಮೇಲೆ ಕೂದಲೆಳೆಯಷ್ಟು ಸರಿಸಲು ಸಮಯವಿದೆ. ಉಜ್ಜಿದ ಪಿಯು ಮೇಲೆ ಸುಮಾರಾಗಿ ಹಿಡಿಯಿತು. ಎನ್‌ಸಿ ಲ್ಯಾಕರ್ ಹೊಡೆದ ತುಂಡಿನ ಮೇಲೆ ಬೇರೆಯೇ ಮಟ್ಟದಲ್ಲಿ ಹಿಡಿಯಿತು. ಉಗುರು ಹಾಕಿದರೆ ಗರಿಯ ದಂಟೇ ಸೀಳಿತು, ಅಂಟು ಬಿಡಲಿಲ್ಲ.

ಕಾರಣ ಸರಳ. ಎನ್‌ಸಿ ಅಂದರೆ ನೈಟ್ರೊಸೆಲ್ಯುಲೋಸ್. ಲೇಪವೂ ಅದೇ, ಅಂಟೂ ಅದೇ. ಅಂಟಿನ ದ್ರಾವಕ ಲೇಪದ ಮೇಲ್ಪದರವನ್ನು ಕರಗಿಸಿ ಅದರೊಳಗೆ ಸೇರಿಕೊಳ್ಳುತ್ತದೆ. ಆರಿದಾಗ ನಡುವೆ ಗಡಿಯೇ ಇರುವುದಿಲ್ಲ. ನೀರಲ್ಲಿಟ್ಟರೂ ಬಿಡಲಿಲ್ಲ, ತಗಡಿನ ಮೇಲೂ ಜಾರಲಿಲ್ಲ. ಬಿಡಿಸಬೇಕು ಅಂದಾಗ ಚಾಕುವಿನ ಬೆನ್ನಿನಿಂದ ಗರಿ ಕೆರೆದು, ಥಿನ್ನರ್ ಬಟ್ಟೆಯಿಂದ ಒರೆಸಿದರೆ ಅಂಟು, ಲೇಪ ಎರಡೂ ಹೋಗಿ ಚೊಕ್ಕ ಬಿದಿರು ಸಿಗುತ್ತದೆ. ನಾನು ಹುಡುಕುತ್ತಿದ್ದ ಜೋಡಿ ಇದೇ.

ಮೇಜಿನ ಕೆಲಸ

ಹಿಂತುದಿಯಿಂದ ಸುಮಾರು ಒಂದು ಗೇಣು ಉದ್ದಕ್ಕೆ ಪಿಯು ತೆಗೆದೆ. 180 ನಂಬರ್ ಉಜ್ಜುಕಾಗದದಿಂದ ಶುರುಮಾಡಿ 320ರಲ್ಲಿ ಮುಗಿಸಿದೆ. ಗರಿ ಬರುವ ಜಾಗದಲ್ಲಿ ಗಿಣ್ಣು ಇದ್ದರೆ ಅದನ್ನೂ ಮಟ್ಟ ಮಾಡಬೇಕು. ದಂಟಿನ ಕೆಳಗೆ ಒಂದು ಕಡೆ ಉಬ್ಬಿದ್ದರೆ ಅದರ ಎರಡೂ ಪಕ್ಕ ಸಂದು ಉಳಿಯುತ್ತದೆ. ಅಂಟು ಸಂದು ತುಂಬಬಾರದು, ಎರಡು ಮೈಗಳನ್ನು ಸೇರಿಸಬೇಕು. ಉಜ್ಜುವುದು ಉದ್ದಕ್ಕೆ ಮಾತ್ರ. ಅಡ್ಡ ಉಜ್ಜಿದರೆ ನಾರು ಕಡಿಯುತ್ತದೆ.

ನಂತರ ಎನ್‌ಸಿ ಲ್ಯಾಕರ್. ಥಿನ್ನರ್ ಬೆರೆಸಿದ ತೆಳು ಕೈ, ಮೂರು ಪದರ. ಬಿಸಿಲಿರುವ, ಗಾಳಿ ಒಣಗಿರುವ ದಿನ ನೋಡಿಯೇ ಈ ಕೆಲಸ ಮಾಡಿ. ತೇವದ ಗಾಳಿಯಲ್ಲಿ ಲ್ಯಾಕರ್ ಹಾಲಿನಂತೆ ಬೆಳ್ಳಗಾಗುತ್ತದೆ. ದ್ರಾವಕ ಆರುವಾಗ ಮೈ ತಣ್ಣಗಾಗಿ ಗಾಳಿಯ ನೀರು ಅದರೊಳಗೆ ಸಿಕ್ಕಿಕೊಳ್ಳುವುದರಿಂದ ಹಾಗೆ. ಲ್ಯಾಕರ್, ಥಿನ್ನರ್, ಈ ಅಂಟು, ಮೂರೂ ಬೆಂಕಿಗೆ ಕ್ಷಣದಲ್ಲಿ ಹತ್ತುವ ವಸ್ತುಗಳು. ಅಡುಗೆಮನೆ, ದೇವರ ದೀಪ, ಸೊಳ್ಳೆಬತ್ತಿ ಯಾವುದೂ ಹತ್ತಿರ ಬೇಡ. ನಾನು ಜಗಲಿಯಲ್ಲಿ ಕೂತು ಮಾಡಿದೆ. ಪಕ್ಕದಲ್ಲಿ ತಂಗಿಯ ಮಗಳು ಕೂತು "ಮಾವ, ವಾಸನೆಗೆ ತಲೆ ತಿರುಗ್ತಿದೆ" ಅಂದ ಕೂಡಲೇ ಅವಳನ್ನು ಅಂಗಳಕ್ಕೆ ಕಳಿಸಿದೆ.

ಗರಿ ಟರ್ಕಿ ಕೋಳಿಯದು, ರೆಕ್ಕೆಯ ಉದ್ದ ಗರಿ, 4 ಇಂಚಿಗೆ ಕತ್ತರಿಸಿದ್ದು. ಒಂದು ಬಾಣಕ್ಕೆ ಮೂರು. ಮೂರೂ ಒಂದೇ ಕಡೆಯ ರೆಕ್ಕೆಯದಾಗಿರಲೇಬೇಕು. ಎಡಗಡೆ ರೆಕ್ಕೆಯ ಗರಿಗೂ ಬಲಗಡೆಯದಕ್ಕೂ ಬಾಗು ವಿರುದ್ಧ. ಬೆರೆಸಿದರೆ ಒಂದು ಗರಿ ಬಾಣವನ್ನು ಈ ಕಡೆ ತಿರುಗಿಸುತ್ತದೆ, ಇನ್ನೊಂದು ಆ ಕಡೆ. ಕಾಡಿನಲ್ಲಿ ಬಿದ್ದ ಹದ್ದಿನ ಗರಿ, ಗಿಡುಗನ ಗರಿ ಹೆಕ್ಕಿ ತಂದು ಕಟ್ಟುವ ಆಸೆ ಕೆಲವು ಹುಡುಗರಿಗೆ ಇರುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ, ಆ ಕಡೆ ಹೋಗಬೇಡಿ. ಸಾಕಿದ ಟರ್ಕಿಯ ಗರಿ, ಬಾತುಕೋಳಿಯ ಗರಿ ಇದಕ್ಕಿಂತ ಕಡಿಮೆಯೇನಲ್ಲ.

ದಂಟಿನ ತಳವನ್ನು 320ರ ಕಾಗದದ ಮೇಲೆ ಒಂದೆರಡು ಸಲ ಎಳೆದು, ಸ್ಪಿರಿಟ್‌ನಲ್ಲಿ ಒರೆಸಿ, ಆಮೇಲೆ ತಳ ಮುಟ್ಟದೆ ಇಕ್ಕಳದ ಜಿಗ್‌ಗೆ, ಅಂದರೆ ಗರಿಯನ್ನು ಕಡ್ಡಿಯ ಮೇಲೆ ಸರಿಯಾದ ಜಾಗದಲ್ಲಿ ಹಿಡಿದಿಡುವ ಸಾಧನಕ್ಕೆ, ಸಿಕ್ಕಿಸಿದೆ. ಒಮ್ಮೆ ಅಂಟಿಲ್ಲದೆ ಕೂರಿಸಿ ಬೆಳಕಿಗೆ ಹಿಡಿದು ನೋಡುವುದು ನನ್ನ ಪದ್ಧತಿ. ದಂಟಿಗೂ ಕಡ್ಡಿಗೂ ನಡುವೆ ಬೆಳಕು ಕಂಡರೆ ಜಿಗ್ ಸರಿಪಡಿಸಬೇಕು. ಬಿದಿರಿನ ಕಡ್ಡಿ ಹಿಂದೆ ಸಣ್ಣ, ಮುಂದೆ ದಪ್ಪ. ಹಾಗಾಗಿ ಅಲ್ಯುಮಿನಿಯಂ ಬಾಣಕ್ಕೆ ಹೊಂದಿಸಿದ ಜಿಗ್ ಇದಕ್ಕೆ ಹಾಗೇ ಬರುವುದಿಲ್ಲ. ಹೆದೆ ಸಿಕ್ಕಿಸುವ ಕಚ್ಚಿನಿಂದ ಒಂದು ಇಂಚು ಬಿಟ್ಟು ಗರಿ ಶುರು. ಬೆರಳಿಗೆ ಜಾಗ ಬೇಕಲ್ಲ. ಮೂರರಲ್ಲಿ ಬೇರೆ ಬಣ್ಣದ ಗರಿ ಕಚ್ಚಿಗೆ ಅಡ್ಡಲಾಗಿ ಬರಬೇಕು, ಬಿಡುವಾಗ ಬಿಲ್ಲಿನಿಂದ ಆಚೆಗೆ ಮುಖ ಮಾಡಿರಬೇಕು. ಆಗ ಉಳಿದೆರಡು ಬಿಲ್ಲಿನ ಮೈಯನ್ನು ಸವರಿ ಹೋಗುತ್ತವೆ.

ಅಂಟಿನ ಗೆರೆ ದಾರದಷ್ಟು ತೆಳುವಾಗಿರಲಿ. ಒತ್ತಿದಾಗ ಎರಡೂ ಪಕ್ಕ ಸಣ್ಣಗೆ ಇಣುಕಿದರೆ ಸಾಕು. ಇಕ್ಕಳವನ್ನು 15 ನಿಮಿಷ ಹಾಗೇ ಬಿಟ್ಟು, ಬಿಚ್ಚಿ, ಜಿಗ್ ತಿರುಗಿಸಿ ಮುಂದಿನ ಗರಿ. ಹನ್ನೆರಡು ಬಾಣಕ್ಕೆ ಮೂವತ್ತಾರು ಗರಿ. ಅವಸರಕ್ಕೆ ಜಾಗವಿಲ್ಲದ ಕೆಲಸ ಇದು, ರೇಡಿಯೋ ಹಾಕಿಕೊಂಡು ಕೂತರೆ ಹಿತವಾಗಿರುತ್ತದೆ. ಕೊನೆಯಲ್ಲಿ ಪ್ರತಿ ಗರಿಯ ಎರಡೂ ತುದಿಗೆ ಒಂದೊಂದು ಹನಿ ಅಂಟು. ಬಾಣ ಹೂಡುವ ಮೊದಲು ಒಂದು ದಿನ ಪೂರ್ತಿ ಆರಲು ಬಿಡಿ.

ಬಗ್ಗಿದ, ಚಪ್ಪಟೆಯಾದ ಹಳೆಯ ಗರಿಗಳನ್ನು ಎಸೆಯಬೇಕಿಲ್ಲ. ಕೆಟಲ್‌ನ ಆವಿಗೆ ಸ್ವಲ್ಪ ಹೊತ್ತು ಹಿಡಿದರೆ ಎಳೆಗಳು ತಾವಾಗಿ ನಿಲ್ಲುತ್ತವೆ. ದಂಟು ಗಟ್ಟಿಯಿದ್ದವನ್ನು ಅಭ್ಯಾಸದ ಬಾಣಗಳಿಗೆ ಎತ್ತಿಟ್ಟೆ.

ದಾರ ಬಿಡಬೇಡಿ

ಅಂಟು ಎಷ್ಟೇ ಒಳ್ಳೆಯದಿರಲಿ, ಗರಿಯ ಮುಂದಿನ ತುದಿಗೆ ದಾರ ಸುತ್ತಲೇಬೇಕು. ಇಂಡಿಯನ್ ರೌಂಡ್ ಆಡುವ ಮಕ್ಕಳಿರುವ ಮನೆಯಲ್ಲಿ ಇದನ್ನು ನಾನು ಖಂಡಿತವಾಗಿ ಹೇಳುತ್ತೇನೆ. ಮುಂದಿನ ತುದಿ ಸ್ವಲ್ಪ ಎದ್ದಿದ್ದರೂ ಬಾಣ ಬಿಲ್ಲು ಹಿಡಿದ ಕೈಯ ಮೇಲೆ ಹಾದು ಹೋಗುವಾಗ ಆ ಚೂಪಾದ ದಂಟು ಚರ್ಮದೊಳಗೆ ಹೋಗುತ್ತದೆ. ಸೂಜಿ ಚುಚ್ಚಿದಷ್ಟಲ್ಲ, ಆಳಕ್ಕೆ ಹೋಗಿ ಮುರಿದು ಉಳಿಯಬಹುದು. ಎಳೆಯುವ ಮೊದಲು ಪ್ರತಿ ಬಾಣದ ಮುಂತುದಿಯ ಮೇಲೆ ಹೆಬ್ಬೆರಳು ಆಡಿಸಿ ನೋಡುವುದನ್ನು ಮಕ್ಕಳಿಗೆ ಕಲಿಸಿ.

ಮೊದಲು ದಂಟಿನ ಮುಂತುದಿಯನ್ನು ಬ್ಲೇಡಿನಿಂದ ಇಳಿಜಾರಾಗಿ ಕೆತ್ತಿ. ಇಲ್ಲದಿದ್ದರೆ ದಾರ ಮೆಟ್ಟಿಲು ಹತ್ತಿದಂತೆ ನಿಂತು ಜಾರುತ್ತದೆ. ಕಡ್ಡಿಯ ಮೇಲೆ ಶುರುಮಾಡಿ, ಒಂದರ ಪಕ್ಕ ಒಂದು ಬಿಗಿಯಾಗಿ ಸುತ್ತುತ್ತ ಮೂರೂ ದಂಟುಗಳ ಮೇಲೆ ಹತ್ತಬೇಕು. ಕೊನೆಯ ಕೆಲವು ಸುತ್ತಿನ ಕೆಳಗೆ ಬೇರೆ ದಾರದ ಕುಣಿಕೆ ಇಟ್ಟು, ತುದಿಯನ್ನು ಅದರಲ್ಲಿ ತೂರಿಸಿ ಎಳೆದರೆ ಗಂಟಿಲ್ಲದೆ ಮುಗಿಯುತ್ತದೆ. ಗಂಟು ಇದ್ದರೆ ಅದೂ ಕೈಗೆ ತಗಲುತ್ತದೆ. ಮೇಲೆ ತೆಳ್ಳಗೆ ಲ್ಯಾಕರ್. ದಾರದೊಳಗೆ ಇಳಿದು ಅದೂ ಕೆಳಗಿನ ಲೇಪದ ಜೊತೆ ಸೇರಿಕೊಳ್ಳುತ್ತದೆ.

ನಾನು ಬಳಸಿದ್ದು ರೇಷ್ಮೆ ದಾರ. ಸೀರೆಗೆ ಕುಚ್ಚು ಕಟ್ಟುವ ಅಂಗಡಿಯಲ್ಲಿ ಸಿಗುತ್ತದೆ, ಆದರೆ ಅಲ್ಲಿ ಈಗ ಕೃತಕ ರೇಷ್ಮೆಯೇ ಜಾಸ್ತಿ. ಒಂದು ಎಳೆ ಸುಟ್ಟು ನೋಡಿ. ನಿಜವಾದ ರೇಷ್ಮೆ ಕೂದಲು ಸುಟ್ಟ ವಾಸನೆ ಕೊಡುತ್ತದೆ, ಕೃತಕದ್ದು ಕಾಗದ ಸುಟ್ಟಂತೆ. ಸಿಗದಿದ್ದರೆ ದರ್ಜಿಯ ಪಾಲಿಯೆಸ್ಟರ್ ದಾರ ಧಾರಾಳವಾಗಿ ಸಾಕು.

ಅಂಟಿನ ಜೊತೆ ದಾರ ಅನ್ನುವ ಯೋಚನೆ ಎಷ್ಟು ಹಳೆಯದು ಅಂತ ನೆನೆದರೆ ನನಗೆ ಮೈ ಜುಮ್ಮೆನ್ನುತ್ತದೆ. 1991ರಲ್ಲಿ ಆಸ್ಟ್ರಿಯಾ-ಇಟಲಿ ಗಡಿಯ ಆಲ್ಪ್ಸ್ ಹಿಮದಲ್ಲಿ ಸಿಕ್ಕ, ಸುಮಾರು 5,300 ವರ್ಷ ಹಿಂದಿನ ಓಟ್ಸಿ ಎಂಬ ಮನುಷ್ಯನ ಬತ್ತಳಿಕೆಯಲ್ಲಿ 14 ಬಾಣಗಳಿದ್ದವು. ಪೂರ್ತಿಯಾಗಿದ್ದದ್ದು ಎರಡೇ. ಅವುಗಳ ಗರಿಯನ್ನು ಬರ್ಚ್ ಮರದ ತೊಗಟೆಯಿಂದ ಇಳಿಸಿದ ಟಾರ್‌ನಲ್ಲಿ ಕೂರಿಸಿ, ತುರಿಕೆ ಗಿಡದ ನಾರಿನ ಸಣ್ಣ ದಾರದಿಂದ ಸುತ್ತಿದ್ದರು. ಅಲ್ಲಿಂದ ಬಹಳ ಈಚೆಗೆ, 1545ರಲ್ಲಿ ಮುಳುಗಿ 1982ರಲ್ಲಿ ಮೇಲೆತ್ತಿದ ಇಂಗ್ಲೆಂಡಿನ ಮೇರಿ ರೋಸ್ ಹಡಗಿನಲ್ಲಿ ಸಾವಿರಾರು ಬಾಣಗಳು ಸಿಕ್ಕವು. ಅವುಗಳ ಹಿಂತುದಿಯಲ್ಲಿ ತಾಮ್ರ ಬೆರೆಸಿದ ಮೇಣದಂಥ ಅಂಟು, ಅದರ ಮೇಲೆ ದಾರ ಸುತ್ತಿದ ಗುರುತು. ತಾಮ್ರ ಹಾಕಿದ್ದು ಗರಿ ತಿನ್ನುವ ಹುಳಗಳನ್ನು ದೂರ ಇಡಲು ಅಂತ ಹೇಳುತ್ತಾರೆ. ಇಬ್ಬರ ಅಂಟೂ ಬಿಸಿ ಮಾಡಿದರೆ ಬಿಡುವಂಥದ್ದು. ಗಾಳಿಯ ಎಳೆತ, ಪೆಟ್ಟು ತಡೆಯುವ ಭಾರವನ್ನು ಅವರು ದಾರಕ್ಕೆ ಕೊಟ್ಟಿದ್ದರು. ಗರಿಯನ್ನು ಜಾಗದಲ್ಲಿ ಹಿಡಿದಿಡುವ ಕೆಲಸ ಮಾತ್ರ ಅಂಟಿನದು. ಆ ಹಂಚಿಕೆಯನ್ನೇ ನಾನೂ ಇಟ್ಟುಕೊಂಡೆ.

ಬಿಟ್ಟು ನೋಡಿದ ಮೇಲೆ

ಮುಗಿದ ಬಾಣಗಳನ್ನು ಚಿನ್ನ ತೂಗುವ ಸಣ್ಣ ತಕ್ಕಡಿಯಲ್ಲಿ ತೂಗಿ, ಹತ್ತಿರದ ತೂಕದವನ್ನು ಒಟ್ಟಿಗೆ ಇಟ್ಟೆ. ಮೈದಾನದಲ್ಲಿ ಮೊದಲು 30 ಮೀಟರ್. ಹಿಂದೆ ಆಗಾಗ ಪಕ್ಕಕ್ಕೆ ಎಗರುತ್ತಿದ್ದ ಬಾಣಗಳು ಈಗ ಉಳಿದವುಗಳ ಜೊತೆಯಲ್ಲೇ ಕೂತವು. ಅವು ಎಗರಲು ಕಾರಣ ಸೆಟೆದ ಎಳೆಗಳೇ ಇರಬೇಕು. ಹುಲ್ಲಿನ ಗುರಿಯೊಳಗೆ ಗರಿಯವರೆಗೂ ಹೊಕ್ಕ ಬಾಣವನ್ನು ಹಿಂದಕ್ಕೆ ಎಳೆಯಬಾರದು, ಗುರಿಯ ಹಿಂಬದಿಯಿಂದ ಮುಂದಕ್ಕೆ ಎಳೆದು ತೆಗೆಯಬೇಕು. ಗರಿ ಕೀಳುವುದು ಹೆಚ್ಚಾಗಿ ಗಾಳಿಯಲ್ಲಲ್ಲ, ಹೀಗೆ ಹಿಂದಕ್ಕೆ ಎಳೆಯುವಾಗ. ಅವಳ ಜೊತೆ ಆಡುವ ಮಕ್ಕಳಿಗೂ ಇದನ್ನು ತೋರಿಸಿಕೊಟ್ಟೆ.

ಮಳೆಗಾಲದಲ್ಲಿ ಗರಿ ಒದ್ದೆಯಾದರೆ ಮಲಗಿಬಿಡುತ್ತದೆ. ಮನೆಗೆ ಬಂದ ಮೇಲೆ ಬತ್ತಳಿಕೆಯಿಂದ ತೆಗೆದು, ಗರಿ ಒಂದಕ್ಕೊಂದು ತಾಗದಂತೆ ಗಾಳಿಗೆ ಇಡಬೇಕು. ಪೂರ್ತಿ ಒಣಗಿದ ಮೇಲೆ ಮುಚ್ಚಳ ಬಿಗಿಯಾದ ಉದ್ದ ಡಬ್ಬ. ಹುಳ ಬಾರದಂತೆ ಒಳಗೆ ಒಣ ಬೇವಿನ ಸೊಪ್ಪು ಹಾಕಿದ್ದೇನೆ.

ಪಂದ್ಯದ ದಿನದ ಚೀಲದಲ್ಲಿ ಜೆಲ್ ಕ್ವಿಕ್ ಅಂಟಿನ ಒಂದು ಸಣ್ಣ ಟ್ಯೂಬ್, ಗರಿಯ ಅಂಟುಪಟ್ಟಿ, ದಾರ, 320ರ ಕಾಗದದ ಚೂರು. ಅಲ್ಲಿ 15 ನಿಮಿಷ ಕಾಯಲು ಆಗುವುದಿಲ್ಲವಲ್ಲ. ಹಾಗೆ ಅವಸರದಲ್ಲಿ ಅಂಟಿಸಿದ ಗರಿಯ ಪಕ್ಕ ಪೆನ್ನಿನಲ್ಲಿ ಒಂದು ಚುಕ್ಕೆ ಇಡಲು ಹೇಳಿದ್ದೇನೆ. ಮನೆಗೆ ಬಂದ ಮೇಲೆ ಆ ಬಾಣ ಮತ್ತೆ ಜಿಗ್‌ಗೆ.